ಗಾಳಿ ಬಂದೂಕು, ಫುಗ್ಗಾ ಮತ್ತು ಒಂದು ಬೆಳವ

ಸಂಕ್ರಾಂತಿ ರಜೆ ಮುಗಿದು ಶಾಲೆ ಶುರುವಾದ ಮೊದಲ ದಿನ ಪಾಠ ನಡೆಯೋದಿಲ್ಲ. ಅದು ನನಗೂ ಗೊತ್ತು, ಮಕ್ಕಳಿಗೂ ಗೊತ್ತು. ಸೊಲ್ಲಾಪುರದ ಸಿದ್ಧರಾಮೇಶ್ವರ ಗಡ್ಡಾ ಜಾತ್ರೆಗೆ ಹೋಗಿ ಬಂದವರ ಬಾಯಲ್ಲಿ ಬರೀ ಜಾತ್ರೆಯ ಮಾತು. ತೊಟ್ಟಿಲು ಹತ್ತಿದ್ದು, ಭಜಿ ತಿಂದದ್ದು, ಹತ್ತು ಗುಂಡು ಹಾರಿಸಿ ಎರಡೇ ಫುಗ್ಗಾ ಒಡೆದದ್ದು. ಅವತ್ತು ಹತ್ತನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಕೇಳಿದ.

"ಸರ್, ಫುಗ್ಗಾ ಹೊಡಿಯೂ ಬಂದೂಕಿನ್ಯಾಗ ಮದ್ದು ಇರಂಗಿಲ್ಲ, ಬರೇ ಗಾಳಿ ಇರ್ತದಲ್ರೀ?"

"ಹೌದು, ಬರೇ ಗಾಳಿ."

"ಮತ್ತ ಗಾಳಿಯಿಂದ ಮೊಲ ಸಾಯ್ತದೇನ್ರೀ?"

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ ಅನಿಸಿತು. ಬಿಡಿಸಿ ಕೇಳಿದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಏರ್‌ಗನ್ ಕೊಡಿಸುವುದಾಗಿ ಅವನ ಸೋದರಮಾವ ಮಾತು ಕೊಟ್ಟಿದ್ದಾರೆ. ಇಂಗ್ಲೆಂಡಿನವರು ಗಾಳಿ ಬಂದೂಕಿನಿಂದ ಮೊಲ ಹೊಡೆಯುವ ವಿಡಿಯೊಗಳನ್ನು ಇವನು ಫೋನಿನಲ್ಲಿ ನೋಡಿದ್ದಾನೆ. "ನಮ್ಮ ತೊಗರಿ ಹೊಲದಾಗೂ ಮೊಲ ಭಾಳ ಅದಾವರೀ. ಲೈಸೆನ್ಸ್ ಬೇಕಾಗಂಗಿಲ್ಲಂತ, ಖರ್ಚೂ ಕಡಿಮಿ" ಅಂದ. ಇಡೀ ತರಗತಿ ನನ್ನ ಮುಖ ನೋಡಿತು. ಬೈತಾರೆ ಅಂದುಕೊಂಡಿದ್ದರು. ನಾನು ಸುಣ್ಣದ ಕಡ್ಡಿ ಕೈಗೆತ್ತಿಕೊಂಡೆ.

ಮೊದಲು ಬಂದೂಕಿನ ಒಳಗೆ ಏನಿದೆ ನೋಡೋಣ. ಜಾತ್ರೆಯ ಬಂದೂಕನ್ನು ಅಂಗಡಿಯವನು ನಡುವೆ ಮುರಿದಂತೆ ಬಾಗಿಸುವುದನ್ನು ನೀವು ನೋಡಿದ್ದೀರಿ. ಆಗ ಒಳಗಿನ ಒಂದು ದಪ್ಪ ಸ್ಪ್ರಿಂಗ್ ಕುಗ್ಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಅವನ ತೋಳಿನ ಕೆಲಸವೆಲ್ಲ ಪ್ರಚ್ಛನ್ನ ಶಕ್ತಿಯಾಗಿ ಸ್ಪ್ರಿಂಗಿನಲ್ಲಿ ಕೂತಿತು. ಟ್ರಿಗರ್ ಎಳೆದಾಗ ಕೊಂಡಿ ಬಿಡುತ್ತದೆ. ಸ್ಪ್ರಿಂಗ್ ಒಂದು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಪಿಸ್ಟನ್ ಮುಂದಿನ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಗುಂಡನ್ನು ನಳಿಗೆಯಿಂದ ಆಚೆ ದೂಡುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಕೆಳಗಿನ ತುದಿ ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ. ಗಾಳಿಯನ್ನು ಗಬಕ್ಕನೆ ಒತ್ತಿದರೆ ಅದು ಬಿಸಿಯಾಗುತ್ತದೆ. ಬಂದೂಕಿನೊಳಗೆ ಈ ಕೆಲಸ ಎಷ್ಟು ಬೇಗ ನಡೆಯುತ್ತದೆ ಎಂದರೆ, ಗಾಳಿ ಕ್ಷಣಕಾಲ ನೂರಾರು ಡಿಗ್ರಿ ಬಿಸಿಯೇರುತ್ತದೆ. ಮದ್ದು ಇಲ್ಲ, ನಿಜ. ಆದರೆ ಒಳಗೆ ನಡೆಯುವುದು ಸಣ್ಣ ಸಂಗತಿಯೇನಲ್ಲ.

ಇನ್ನು ಗುಂಡು. ನಮ್ಮ ಕಡೆ ಇದಕ್ಕೆ ಛರ್ರಾ ಅಂತಲೂ ಅಂತಾರೆ. ಸೀಸದ್ದು, ಡಮರುಗದ ಹಾಗೆ ನಡು ಸಣ್ಣ. ಮುಂದಿನ ತಲೆ ಗಟ್ಟಿ, ಹಿಂದಿನ ಭಾಗ ಲಂಗದಂತೆ ಟೊಳ್ಳು. ಟೊಳ್ಳಿನೊಳಗೆ ಗಾಳಿ ನುಗ್ಗಿ ಆ ಲಂಗ ಅರಳಿ ನಳಿಗೆಗೆ ಅಂಟುತ್ತದೆ, ಗಾಳಿ ಸೋರುವುದಿಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಅದಕ್ಕೇ ಇದನ್ನು ರೈಫಲ್ ಎನ್ನುವುದು. ಆ ಗೆರೆಗಳಿಂದಾಗಿ ಗುಂಡು ಬುಗುರಿಯ ಹಾಗೆ ತಿರುಗುತ್ತ ಹೋಗುತ್ತದೆ, ಅಡ್ಡಾದಿಡ್ಡಿ ಹೊರಳುವುದಿಲ್ಲ. ಸಾಮಾನ್ಯ ಅಳತೆ ಎರಡು: 4.5 ಮಿಲಿಮೀಟರ್ ಮತ್ತು 5.5 ಮಿಲಿಮೀಟರ್. ಸಣ್ಣದು ಸುಮಾರು ಅರ್ಧ ಗ್ರಾಂ ತೂಗುತ್ತದೆ, ದೊಡ್ಡದು ಸುಮಾರು ಒಂದು ಗ್ರಾಂ.

ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್ಲಿಗೆ ಒಂದು ಮಿತಿ ಇದೆ. ಗುಂಡು ನಳಿಗೆ ಬಿಡುವಾಗ ಅದರ ಚಲನ ಶಕ್ತಿ 12 ಅಡಿ-ಪೌಂಡ್ ಮೀರಬಾರದು. ನಮ್ಮ ಲೆಕ್ಕದಲ್ಲಿ ಸುಮಾರು 16 ಜೂಲ್. ಹಲಗೆಯ ಮೇಲೆ ½mv² ಬರೆದೆ. ಗುಂಡಿನ ದ್ರವ್ಯರಾಶಿ 0.52 ಗ್ರಾಂ, ಅಂದರೆ 0.00052 ಕಿಲೋಗ್ರಾಂ. ವೇಗ ಎಷ್ಟು? ಹಿಂದಿನ ಬೆಂಚಿನ ಹುಡುಗಿ ಎಲ್ಲರಿಗಿಂತ ಮೊದಲು ಹೇಳಿದಳು: ಸೆಕೆಂಡಿಗೆ ಸುಮಾರು 250 ಮೀಟರ್. ಗಂಟೆಗೆ 900 ಕಿಲೋಮೀಟರ್! ವಿಮಾನದ ವೇಗ.

"ಅಬ್ಬಾ, ಹಂಗಾದ್ರ ಮೊಲ ಉರುಳೇ ಬೀಳ್ತದ" ಅಂದ ನಮ್ಮ ಹುಡುಗ.

ನಿಲ್ಲು, ಇನ್ನೊಂದು ಲೆಕ್ಕ ಇದೆ ಅಂದೆ. ಕ್ರಿಕೆಟ್ ಚೆಂಡು 160 ಗ್ರಾಂ. ಅದಕ್ಕೆ 16 ಜೂಲ್ ಬರಬೇಕಾದರೆ ಎಷ್ಟು ವೇಗದಲ್ಲಿ ಎಸೆಯಬೇಕು? ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ 51 ಕಿಲೋಮೀಟರ್. ನೀವೆಲ್ಲ ಅಷ್ಟು ಜೋರಾಗಿ ಎಸೀತೀರಿ, ಇನ್ನೊಬ್ಬರು ಕೈಯಲ್ಲಿ ಹಿಡೀತಾರೆ. ಕೈ ಚುರುಗುಟ್ಟುತ್ತದೆ, ಅಷ್ಟೆ. ಶಕ್ತಿ ಎರಡರದ್ದೂ ಒಂದೇ. ಮತ್ತೆ ಗುಂಡು ಮಾತ್ರ ಯಾಕೆ ಮೈಯೊಳಗೆ ಹೋಗುತ್ತದೆ? ಚೆಂಡು ಅಂಗೈಯಗಲಕ್ಕೆ ಒತ್ತುತ್ತದೆ. 4.5 ಮಿಲಿಮೀಟರ್ ಗುಂಡಿನ ಮುಖದ ವಿಸ್ತೀರ್ಣ 16 ಚದರ ಮಿಲಿಮೀಟರ್, ಒಂದು ತೊಗರಿ ಕಾಳಿನಷ್ಟು. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಎಂಟನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಇದೇ.

ಈಗ ಸಂವೇಗ. ಚೆಂಡಿನದು 0.16 × 14 = 2.2. ಗುಂಡಿನದು 0.00052 × 250 = 0.13. ಹದಿನೇಳು ಪಟ್ಟು ಕಡಿಮೆ! ಗುಂಡಿನಲ್ಲಿ ಹರಿಯುವ ಶಕ್ತಿ ಇದೆ, ಕೆಡವುವ ತಾಕತ್ತು ಇಲ್ಲ.

ಇದನ್ನು ಅಳೆಯುವ ಉಪಾಯವನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲೇ ಪ್ರಕಟಿಸಿದ್ದರು. ಒಂದು ಭಾರವನ್ನು ಲೋಲಕದ ಹಾಗೆ ತೂಗುಬಿಟ್ಟು ಅದಕ್ಕೆ ಗುಂಡು ಹಾರಿಸುವುದು. ಗುಂಡು ಅದರಲ್ಲಿ ಹೂತುಕೊಂಡು ಲೋಲಕ ಎಷ್ಟು ಎತ್ತರಕ್ಕೆ ತೂಗಿತು ನೋಡಿದರೆ ಗುಂಡಿನ ವೇಗ ಸಿಗುತ್ತದೆ. ನಮ್ಮ ಗುಂಡು ಅರ್ಧ ಕಿಲೋ ಕಟ್ಟಿಗೆ ತುಂಡಿನಲ್ಲಿ ಹೂತುಕೊಂಡರೆ ಏನಾಗುತ್ತದೆ, ಸಂವೇಗ ಸಂರಕ್ಷಣೆಯ ನಿಯಮದಿಂದ ಲೆಕ್ಕ ಮಾಡಿ. ತುಂಡು ಸೆಕೆಂಡಿಗೆ 26 ಸೆಂಟಿಮೀಟರ್ ವೇಗದಲ್ಲಿ ಹೊರಟು, ಮೂರೂವರೆ ಮಿಲಿಮೀಟರ್ ಮೇಲೇಳುತ್ತದೆ. ಅಷ್ಟೇ! 16 ಜೂಲಿನಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ತುಂಡನ್ನು ಅಲುಗಾಡಿಸಿತು. ಉಳಿದ 999 ಪಾಲು ಕಟ್ಟಿಗೆಯನ್ನು ಸೀಳುವುದಕ್ಕೆ, ಶಾಖಕ್ಕೆ ಹೋಯಿತು. ಕಟ್ಟಿಗೆಯ ಜಾಗದಲ್ಲಿ ಒಂದು ಜೀವ ಇದ್ದರೆ?

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಕಣ್ಣಾರೆ ನೋಡಿದ್ದೆ. ಎಂಟನೇ ತರಗತಿಯ ಬೇಸಿಗೆ ರಜೆ. ದೊಡ್ಡಪ್ಪನ ಮಗ ಎಲ್ಲಿಂದಲೋ ಹಳೆಯ ಏರ್‌ಗನ್ ಒಂದನ್ನು ಕಡ ತಂದಿದ್ದ. ಅದರಲ್ಲಿ 16 ಜೂಲ್ ಇರಲಿಕ್ಕಿಲ್ಲ, ಸ್ಪ್ರಿಂಗ್ ಸೋತಿತ್ತು. ಬಾವಿಯ ಹತ್ತಿರದ ಜಾಲಿಮರದಲ್ಲಿ ಬೆಳವ ಕೂತಿತ್ತು. ಗುರಿ ಇಟ್ಟೆ, ಹೊಡೆದೆ. ಟಪ್ ಎಂದು ಸದ್ದಾಯಿತು, ಎರಡು ಪುಕ್ಕ ಗಾಳಿಯಲ್ಲಿ ತೇಲಿ ಬಂದವು. ಬೆಳವ ಹಾರಿ ಹೋಯಿತು. ತಾಗಲಿಲ್ಲ ಅಂತ ಅಣ್ಣ ನಕ್ಕ. ನನಗೂ ಹಾಗೇ ಅನಿಸಿ ಸಮಾಧಾನವಾಯಿತು. ಮರುದಿನ ಬೆಳಿಗ್ಗೆ ನೀರಿಗೆ ಹೋದಾಗ ಅದು ಬದುವಿನ ಕೆಳಗೆ ಇತ್ತು. ಇನ್ನೂ ಜೀವ ಇತ್ತು, ಕಣ್ಣಿನ ಸುತ್ತ ಇರುವೆ ಹತ್ತಿದ್ದವು. ರಾತ್ರಿಯೆಲ್ಲ ಅದು ಅಲ್ಲೇ ಇತ್ತು. ಈ ಮಾತನ್ನು ತರಗತಿಯಲ್ಲಿ ಅವತ್ತೇ ಮೊದಲ ಸಲ ಹೇಳಿದ್ದು. ಯಾರೂ ನಗಲಿಲ್ಲ.

ಹಾಗಾದರೆ ವಿಡಿಯೊದಲ್ಲಿ ಕಾಣುವ ಇಂಗ್ಲೆಂಡಿನ ಬೇಟೆಗಾರರು? ಅವರ ಮೊಲ ಅಲ್ಲೇ ಬೀಳುತ್ತದಲ್ಲ? ಇದು ನ್ಯಾಯವಾದ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರ ಕೊಡಬೇಕು.

ಅಲ್ಲಿ ಮೊಲ, ಕಾಡು ಪಾರಿವಾಳ, ಇಲಿ, ಬೂದು ಅಳಿಲು ಬೆಳೆಗೂ ಮರಗಳಿಗೂ ಕಾಟ ಕೊಡುವ ಪ್ರಾಣಿಗಳೆಂದು ಲೆಕ್ಕ. ಬೂದು ಅಳಿಲು ಆ ದೇಶದ್ದೇ ಅಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ತಂದು ಬಿಟ್ಟದ್ದು. ಅದು ಬಂದ ಮೇಲೆ ಅಲ್ಲಿಯದೇ ಆದ ಕೆಂಪು ಅಳಿಲು ಹೆಚ್ಚಿನ ಕಡೆ ಕಾಣೆಯಾಗಿದೆ. ಹೊಲದ ಒಡೆಯನ ಒಪ್ಪಿಗೆ ಇದ್ದರೆ, ಕಾನೂನಿನ ಷರತ್ತುಗಳ ಒಳಗೆ, ಇವನ್ನು ಹೊಡೆಯಬಹುದು. ಗಾಳಿ ಬಂದೂಕು ಅಲ್ಲಿ ಬಡವರ ಬಂದೂಕು. ಆದರೆ ಕಡಿಮೆ ದುಡ್ಡಿನಲ್ಲಿ ಬೇಟೆಗೆ ಇಳಿಯುವವನು ಅಲ್ಲಿ ದುಡ್ಡನ್ನೂ ಹೊತ್ತನ್ನೂ ಹೇಗೆ ಖರ್ಚು ಮಾಡುತ್ತಾನೆ ನೋಡಿ.

ಎರಡು ಜಾತಿಯ ಬಂದೂಕುಗಳಿವೆ. ಒಂದು ನಾವು ನೋಡಿದ ಸ್ಪ್ರಿಂಗಿನದು. ಇನ್ನೊಂದರಲ್ಲಿ ಮೊದಲೇ ಗಾಳಿ ತುಂಬಿದ ಉಕ್ಕಿನ ಕೊಳವೆ ಇರುತ್ತದೆ. ಅದರ ಒತ್ತಡ ಸುಮಾರು 200 ಬಾರ್. ನಿಮ್ಮ ಸೈಕಲ್ ಟ್ಯೂಬಿನಲ್ಲಿರುವುದು ಬರೀ ಮೂರು ಬಾರ್ ಆಸುಪಾಸು. ಈ ಎರಡನೇ ಜಾತಿ ಅಲುಗಾಡುವುದಿಲ್ಲ, ಗುರಿ ಸುಲಭ. ಆದರೆ ಬೆಲೆ ಹಲವು ಪಟ್ಟು, ಜೊತೆಗೆ ಗಾಳಿ ತುಂಬಲು ವಿಶೇಷ ಪಂಪೋ ಸಿಲಿಂಡರೋ ಬೇಕು. (ಇದೇನೂ ಹೊಸದಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯದ ಹತ್ತಿರ ಜಿರಾಂಡೋನಿ ಎಂಬ ಗಾಳಿ ರೈಫಲ್ ಇತ್ತು. ಅದರ ಹಿಡಿಯೇ ಗಾಳಿಯ ಟ್ಯಾಂಕು, ತುಂಬಲು ಸಾವಿರಕ್ಕೂ ಹೆಚ್ಚು ಸಲ ಪಂಪ್ ಹೊಡೆಯಬೇಕಿತ್ತು. ಪಾಪದ ಸೈನಿಕ!) ಹಣ ಕಡಿಮೆ ಇದ್ದವನು ಹಳೆಯ ಸ್ಪ್ರಿಂಗ್ ಬಂದೂಕು ಕೊಳ್ಳುತ್ತಾನೆ. ಉಳಿದ ದುಡ್ಡಿಗೆ ನಾಲ್ಕಾರು ಬಗೆಯ ಗುಂಡಿನ ಡಬ್ಬಿ ತರುತ್ತಾನೆ. ಒಂದೊಂದು ನಳಿಗೆಗೆ ಒಂದೊಂದು ಗುಂಡು ಒಗ್ಗುತ್ತದೆ, ಅದು ಯಾವುದೆಂದು ಹೊಡೆದೇ ನೋಡಬೇಕು. ಆಮೇಲೆ ತಿಂಗಳುಗಟ್ಟಲೆ ಕಾಗದಕ್ಕೆ ಹೊಡೆಯುತ್ತಾನೆ. ಬೇಟೆಗಿಂತ ಕಾಗದ ತೂತು ಮಾಡುವುದೇ ಜಾಸ್ತಿ.

ಯಾಕೆ ಅಷ್ಟು? ಮತ್ತೆ ಸಂವೇಗದ ಲೆಕ್ಕಕ್ಕೇ ಬನ್ನಿ. ಗುಂಡು ಮೊಲವನ್ನು ಕೆಡವಲಾರದು. ಮಿದುಳಿಗೆ ತಾಗಿದರೆ ಮಾತ್ರ ಆ ಕ್ಷಣದಲ್ಲಿ ಜೀವ ಹೋಗುತ್ತದೆ. ಮೊಲದ ತಲೆಯಲ್ಲಿ ಆ ಜಾಗ ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಲ್ಲ. ಬೇರೆಲ್ಲಿ ತಾಗಿದರೂ ಅದು ಓಡಿ ಬಿಲ ಸೇರಿ ಸಾಯುತ್ತದೆ, ನನ್ನ ಬೆಳವದ ಹಾಗೆ.

ಅಷ್ಟು ದೂರದಲ್ಲಿ ಆ ನಾಣ್ಯಕ್ಕೆ ಹೊಡೆಯುವುದು ಎಷ್ಟು ಕಷ್ಟ, ಅದನ್ನೂ ಲೆಕ್ಕ ಹಾಕೋಣ. ಮೊಲ 30 ಮೀಟರ್ ದೂರದಲ್ಲಿದೆ ಅನ್ನಿ. 250 ಮೀಟರ್ ವೇಗದ ಗುಂಡಿಗೆ ಅಲ್ಲಿಗೆ ಹೋಗಲು 0.12 ಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಗುರುತ್ವ ಅದನ್ನು ½gt² ಪ್ರಕಾರ ಏಳು ಸೆಂಟಿಮೀಟರ್ ಕೆಳಗೆ ಎಳೆಯುತ್ತದೆ. ಒಂದು ಗ್ರಾಮಿನ ದೊಡ್ಡ ಗುಂಡಾದರೆ ಅದೇ 16 ಜೂಲಿಗೆ ಸೆಕೆಂಡಿಗೆ 180 ಮೀಟರ್ ವೇಗ, ಇಳಿತ ಹದಿನಾಲ್ಕು ಸೆಂಟಿಮೀಟರ್ ಹತ್ತಿರ. ಗಾಳಿಯ ತಡೆ ಸೇರಿಸಿದರೆ ನಿಜವಾದ ಇಳಿತ ಇನ್ನೂ ಹೆಚ್ಚು. ಗುರಿ ನಾಣ್ಯದಗಲ, ಇಳಿತ ಅದರ ಮೂರರಿಂದ ಐದು ಪಟ್ಟು! ದೂರದ ಅಂದಾಜು ಐದು ಮೀಟರ್ ತಪ್ಪಿದರೂ ಮುಗಿಯಿತು. ಅಡ್ಡಗಾಳಿ ಬೀಸಿದರೆ ಅದು ಬೇರೆ. ಅದಕ್ಕೇ ಅಲ್ಲಿನ ತಿಳಿದ ಬೇಟೆಗಾರ, ಹತ್ತಕ್ಕೆ ಹತ್ತು ಗುಂಡು ನಾಣ್ಯದೊಳಗೆ ಬೀಳುವ ದೂರ ಯಾವುದೋ ಅದನ್ನು ತನ್ನ ಮಿತಿ ಎಂದು ಇಟ್ಟುಕೊಳ್ಳುತ್ತಾನೆ. ಕೆಲವರಿಗೆ ಅದು 20 ಮೀಟರ್ ಇರಬಹುದು. ಮೊಲ 25 ಮೀಟರಿನಲ್ಲಿ ಕೂತಿದ್ದರೆ ಬಂದೂಕು ಎತ್ತುವುದಿಲ್ಲ. ವಿಡಿಯೊದಲ್ಲಿ ಇದು ಕಾಣುವುದಿಲ್ಲ. ಬಿದ್ದ ಮೊಲ ಮಾತ್ರ ಕಾಣುತ್ತದೆ. ಇನ್ನೊಂದು ಮಾತು: ಅಲ್ಲೂ 18 ತುಂಬದವರಿಗೆ ಏರ್ ರೈಫಲ್ ಮಾರುವಂತಿಲ್ಲ.

"ಇಲ್ಲಿ, ಸರ್?" ಹುಡುಗ ಬಿಡಲಿಲ್ಲ.

ಇಲ್ಲಿ ಬಂದೂಕಿನ ಕಾನೂನು ಬೇರೆ, ಬೇಟೆಯ ಕಾನೂನು ಬೇರೆ. ಜನ ಎರಡನ್ನೂ ಕಲಸಿಬಿಡುತ್ತಾರೆ. 4.5 ಮಿಲಿಮೀಟರ್ ಮೀರದ, 20 ಜೂಲ್ ಮೀರದ ಏರ್‌ಗನ್ನಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ಅಷ್ಟು ಮಟ್ಟಿಗೆ ಹುಡುಗ ಹೇಳಿದ್ದು ಸರಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲ, ಕೌಜುಗ, ನವಿಲು, ಚಿಗರಿ ಯಾವುದನ್ನೂ ಹೊಡೆಯುವಂತಿಲ್ಲ. ಯಾವ ಆಯುಧದಿಂದಲೂ ಇಲ್ಲ, ನಿಮ್ಮದೇ ಹೊಲದಲ್ಲೂ ಇಲ್ಲ. ಕೊಲ್ಲುವುದಷ್ಟೇ ಬೇಟೆಯಲ್ಲ. ಗಾಯ ಮಾಡುವುದು, ಬಲೆ ಹಾಕುವುದು, ಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದೂ ಆ ಕಾಯ್ದೆಯಲ್ಲಿ ಬೇಟೆಯೇ. ನನ್ನ ಎಂಟನೇ ತರಗತಿಯ ಬೇಸಿಗೆ ರಜೆಯೂ ಅದರೊಳಗೇ ಬರುತ್ತದೆ.

ಲೈಸೆನ್ಸ್ ಬೇಡದ ಅಗ್ಗದ ಬಂದೂಕು ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಅರುಣಾಚಲ ಪ್ರದೇಶ ನೋಡಿ. ಐನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿರುವ ನಾಡು ಅದು. ಬೇಟೆ ಅಲ್ಲಿನ ಅನೇಕ ಸಮುದಾಯಗಳ ಹಳೆಯ ಪದ್ಧತಿ. ಬಿಲ್ಲು, ಬಲೆಗಳ ಜಾಗಕ್ಕೆ ಏರ್‌ಗನ್ ಬಂದ ಮೇಲೆ ಸಣ್ಣ ಹುಡುಗರೂ ಹಕ್ಕಿ ಹೊಡೆಯುವಂತಾಯಿತು. 2021ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಏರ್‌ಗನ್ ಒಪ್ಪಿಸುವ ಅಭಿಯಾನ ಶುರು ಮಾಡಿತು. ಜನ ತಾವಾಗಿಯೇ ತಂದು ಕೊಟ್ಟರು. ಆ ವರ್ಷ ಮುಗಿಯುವುದರೊಳಗೆ 1600ಕ್ಕೂ ಹೆಚ್ಚು ಬಂದೂಕು ಬಂದವು. ಪೊಲೀಸರು ಹಿಡಿದು ತಂದದ್ದಲ್ಲ, ಊರಿನವರೇ ಹೊತ್ತು ತಂದದ್ದು. ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಅದೇ.

ಹುಡುಗನ ಹತ್ತಿರ ಇನ್ನೊಂದು ಮಾತಿತ್ತು. "ಮೊಲ ನಮ್ಮ ಕಡ್ಲಿ ತಿಂತಾವಲ್ರೀ. ಇಂಗ್ಲೆಂಡಿನವರ ಬೆಳಿಗೊಂದು ನ್ಯಾಯ, ನಮ್ಮ ಬೆಳಿಗೊಂದು ನ್ಯಾಯ ಏನ್ರೀ?"

ಅವನ ಅಪ್ಪನ ಹೊಲ ನಾನು ನೋಡಿದ್ದೇನೆ. ಮೂರು ಎಕರೆ, ಮಳೆಯಾಶ್ರಿತ. ಚಿಗರಿ ಹಿಂಡು ಬಂದರೆ ಒಂದೇ ರಾತ್ರಿಯಲ್ಲಿ ಆಗುವ ನಷ್ಟ ಸಣ್ಣದಲ್ಲ. ಆದ್ದರಿಂದ ಅವನ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ. ಇಂಗ್ಲೆಂಡಿನಲ್ಲಿ ತೋಳಗಳು ಶತಮಾನಗಳ ಹಿಂದೆಯೇ ಅಳಿದವು. ನಮ್ಮ ಸೊಲ್ಲಾಪುರದ ಸುತ್ತಿನ ಹುಲ್ಲುಗಾವಲಿನಲ್ಲಿ ತೋಳ ಇನ್ನೂ ಇದೆ, ನರಿ ಇದೆ, ಹದ್ದು ಗಿಡುಗಗಳಿವೆ. ಮೊಲ ಅವುಗಳ ಊಟ. ಆ ಊಟ ಕಡಿಮೆಯಾದರೆ ತೋಳ ಎಲ್ಲಿಗೆ ಬರುತ್ತದೆ ಎಂದು ಕೇಳಿದೆ. ಕುರುಬರ ಮನೆಯ ಹುಡುಗಿ ತಕ್ಷಣ "ನಮ್ಮ ಹಟ್ಟಿಗೆ ಬರ್ತದರೀ" ಅಂದಳು. ನಾನ್ನಜದ ಹುಲ್ಲುಗಾವಲು ಯಾವ ಹಕ್ಕಿಗಾಗಿ ಹೆಸರಾಗಿತ್ತೋ ಆ ಎರೆಭೂತ, ಮರಾಠಿಯವರ ಮಾಳಢೋಕ, ಈಗ ಕಣ್ಣಿಗೆ ಬೀಳುವುದೇ ಅಪರೂಪ. ಇಡೀ ಕಡಲೆ ಹೊಲ ಕಾಯುವುದಕ್ಕೆ ಅರ್ಧ ಗ್ರಾಂ ಸೀಸ ಸಾಲುವುದೂ ಇಲ್ಲ. ಒಂದು ಮೊಲ ಹೊಡೆದರೆ ನಾಳೆ ಇನ್ನೊಂದು ಬರುತ್ತದೆ. ಬೇಲಿಯೇ ಬೇಕು, ಬೆಳೆ ಹಾನಿಯ ಪರಿಹಾರಕ್ಕೆ ಅರ್ಜಿ ಹಾಕಬೇಕು. ಅರ್ಜಿ ಹಾಕಿ ಎಷ್ಟು ಸಲ ಓಡಾಡಬೇಕು ಎಂಬುದು ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ನನ್ನ ಹತ್ತಿರ ಸೂತ್ರವಿಲ್ಲ.

ಮನೆಯಲ್ಲಿ ಏರ್‌ಗನ್ ಇದ್ದವರಿಗೆ ನಾಲ್ಕು ಮಾತು. ಖಾಲಿ ಇದ್ದರೂ ನಳಿಗೆ ಯಾರ ಕಡೆಗೂ ತಿರುಗಬಾರದು. ಹಿಂದೆ ಏನಿದೆ ಎಂದು ಗೊತ್ತಿಲ್ಲದೆ ಹಾರಿಸಬಾರದು, ಗುಂಡು ನೂರಾರು ಮೀಟರ್ ಹೋಗುತ್ತದೆ. ಕಲ್ಲು, ಕಬ್ಬಿಣಕ್ಕೆ ಬಡಿದರೆ ತಿರುಗಿ ಬರುತ್ತದೆ. ಕಣ್ಣಿಗೆ ತಾಗಿದರೆ ಕಣ್ಣು ಹೋದಂತೆಯೇ, ಜಾತ್ರೆಯ ಸೋತ ಬಂದೂಕಿನಿಂದಲೂ ಅದು ಆದೀತು. ಗುಂಡನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಟ ಕೆಲವರಿಗಿದೆ. ಅದು ಸೀಸ, ವಿಷ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಗುರಿಯ ಚಟ ಇದ್ದವರಿಗೆ ದಾರಿ ಇದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 4.5 ಮಿಲಿಮೀಟರ್ ಏರ್ ರೈಫಲ್‌ನಿಂದ, ಹತ್ತು ಮೀಟರ್ ದೂರದಿಂದ. ಆ ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಗುಂಡಿಗಿಂತ ಗುರಿ ಸಣ್ಣದು!

ಜಾತ್ರೆಯ ಅಂಗಡಿಗಳು ಇನ್ನೂ ಎದ್ದಿರಲಿಲ್ಲ. ಆ ರವಿವಾರ ಏಳೆಂಟು ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದೆ. ಫುಗ್ಗಾ ಅಂಗಡಿಯ ಬಂದೂಕಿನ ಗುರಿಕಡ್ಡಿ ಎಲ್ಲ ಕಡೆ ಸೊಟ್ಟಗಿರುತ್ತದೆ, ಬಿದ್ದು ಎದ್ದು ಹಾಗಾಗಿರುತ್ತದೋ, ಬೇಕೆಂತಲೇ ಮಾಡಿದ್ದೋ ದೇವರೇ ಬಲ್ಲ. ಮೊದಲ ಗುಂಡನ್ನು ಫುಗ್ಗಾಕ್ಕೆ ಹೊಡೆಯಬೇಡ, ಹಿಂದಿನ ಹಲಗೆಯ ಮೇಲಿನ ಒಂದು ಕಲೆ ನೋಡಿ ಹೊಡಿ, ಗುಂಡು ಎಲ್ಲಿ ಬಿತ್ತು ನೋಡು ಅಂದೆ. ಎಡಕ್ಕೆ ನಾಲ್ಕು ಬೆರಳು, ಮೇಲೆ ಎರಡು ಬೆರಳು ಬಿತ್ತು. ಮುಂದಿನ ಸಲ ಫುಗ್ಗಾದ ಬಲಕ್ಕೆ ನಾಲ್ಕು, ಕೆಳಗೆ ಎರಡು ಬೆರಳು ಗುರಿ ಹಿಡಿದ. ಒಡೆಯಿತು. ಉಳಿದ ಒಂಬತ್ತರಲ್ಲಿ ಏಳು ಒಡೆದ.

ಅಂಗಡಿಯವನು ಬಂದೂಕು ಇಸಿದುಕೊಂಡು "ಮಾಸ್ತರ, ಈ ಹುಡುಗರ್ನ ಮತ್ತ ಕರ್ಕೊಂಡ್ ಬರಬ್ಯಾಡ್ರಿ" ಅಂತ ನಕ್ಕ. ಬಸ್ಸಿನಲ್ಲಿ ಬರುವಾಗ ಹುಡುಗನನ್ನು ಕೇಳಿದೆ, ಮಾವನಿಗೆ ಏನು ಹೇಳಿದಿ ಅಂತ.

"ಇನ್ನೂ ಹೇಳಿಲ್ಲರೀ" ಅಂದ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಸರ್, ಆ ಬೆಳವ ಆಮೇಲೆ ಬದುಕ್ತೇನ್ರೀ?" ಅಂತ ಕೇಳಿದ.

ಇಲ್ಲ ಅಂದೆ.